ಹಳೆಯ ನೆಟ್‌ಬುಕ್ಕಿಗೊಂದು ಹಗುರ ವಿಂಡೋ ಮ್ಯಾನೇಜರ್: ಐಸ್‌ಡಬ್ಲ್ಯೂಎಂನಿಂದ ಓಪನ್‌ಬಾಕ್ಸ್‌ಗೆ ಬಂದ ದಾರಿ

ಪ್ರೌಢಶಾಲೆಯ ಕನ್ನಡ ಅಧ್ಯಾಪಕರಾಗಿದ್ದ ಅಪ್ಪ ನಿವೃತ್ತರಾದ ವರ್ಷ, ಅಂದರೆ 2010ರಲ್ಲಿ, ಒಂದು ನೆಟ್‌ಬುಕ್ ಕೊಂಡಿದ್ದರು. ಇಂಟೆಲ್ ಆಟಂ ಎನ್450 ಪ್ರೊಸೆಸರ್, 1 ಜಿಬಿ ಡಿಡಿಆರ್2 ಮೆಮೊರಿ, 1024 ಅಗಲ 600 ಎತ್ತರದ ಹತ್ತು ಇಂಚಿನ ಪರದೆ, ವಿಂಡೋಸ್ 7 ಸ್ಟಾರ್ಟರ್. ಊರುಗಳ ಹೆಸರಿನ ಬಗ್ಗೆ ಅವರು ಬರೆಯುವ ಲೇಖನಗಳೆಲ್ಲ ಅದರಲ್ಲಿಯೇ ಇದ್ದವು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಬೆಂಬಲ ನಿಂತುಹೋಯಿತು. ಅದಾದ ಮೇಲೂ ಎರಡು ವರ್ಷ ಅವರು ಅದನ್ನೇ ಎಳೆದುಕೊಂಡು ಬಂದರು. 2022ರ ಬೇಸಿಗೆಯಲ್ಲಿ ನಾನು ಊರಿಗೆ ಹೋದಾಗ ಯಂತ್ರ ಹೊತ್ತಿಕೊಳ್ಳುವುದಕ್ಕೆ ಐದಾರು ನಿಮಿಷ ಬೇಕಾಗುತ್ತಿತ್ತು, ಬ್ರೌಸರ್ ತೆರೆದರೆ ಫ್ಯಾನು ಕೂಗಲಾರಂಭಿಸುತ್ತಿತ್ತು. ಹೊಸದೊಂದನ್ನು ತಂದುಕೊಡುತ್ತೇನೆ ಎಂದರೆ ಅಪ್ಪ ಒಪ್ಪಲಿಲ್ಲ. "ಈ ಕೀಲಿಮಣೆಗೆ ನನ್ನ ಬೆರಳು ಹೊಂದಿಕೊಂಡಿದೆ, ಇದನ್ನೇ ಸರಿಮಾಡಿಕೊಡು ಮಗಳೇ" ಎಂದರು. ಅಲ್ಲಿಂದ ಮುಂದೆ ಮಾಡಿದ ಕೆಲಸವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಇದೇ ಸ್ಥಿತಿಯಲ್ಲಿರುವ ಯಂತ್ರಗಳು ಅನೇಕ ಮನೆಗಳಲ್ಲಿವೆ, ಮತ್ತು ಕನ್ನಡದಲ್ಲಿ ಬರೆಯುವವರು ಎದುರಿಸುವ ಒಂದು ತೊಡಕನ್ನು ನಾನು ಕೆಲಸ ಅರ್ಧ ಮುಗಿದ ಮೇಲಷ್ಟೇ ಕಂಡುಕೊಂಡೆ.

ಯಂತ್ರಾಂಗದ ಕೆಲಸ ಹೆಚ್ಚೇನೂ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ 2 ಜಿಬಿಯ ಹಳೆಯ ಡಿಡಿಆರ್2 ಪಟ್ಟಿಯೊಂದನ್ನು ತಂದೆ; ಎನ್450 ಪ್ರೊಸೆಸರ್ 2 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅದಕ್ಕಿಂತ ದೊಡ್ಡದನ್ನು ಹುಡುಕುವ ಅಗತ್ಯವಿರಲಿಲ್ಲ. ತಿರುಗುವ ಹಾರ್ಡ್‌ಡಿಸ್ಕಿನ ಬದಲು ಎರಡೂವರೆ ಇಂಚಿನ ಎಸ್‌ಎಸ್‌ಡಿ ಹಾಕಿದೆ. ಫ್ಯಾನಿನಲ್ಲಿ ಕಟ್ಟಿಕೊಂಡಿದ್ದ ಧೂಳು ತೆಗೆದು, ಪ್ರೊಸೆಸರಿನ ಮೇಲಿನ ಒಣಗಿದ ಲೇಪವನ್ನು ಒರೆಸಿ ಹೊಸದನ್ನು ಹಚ್ಚಿದೆ. ಈ ಪ್ರೊಸೆಸರ್ 64 ಬಿಟ್‌ನದ್ದಾದ್ದರಿಂದ ಲಿನಕ್ಸಿನ ವಿತರಣೆಗಳಲ್ಲೊಂದಾದ ಡೆಬಿಯನ್ 11ರ 64 ಬಿಟ್ ಆವೃತ್ತಿಯನ್ನು, ಯಾವ ಡೆಸ್ಕ್‌ಟಾಪನ್ನೂ ಆರಿಸಿಕೊಳ್ಳದೆ, ಬರಿಯ ಬುನಾದಿಯಷ್ಟನ್ನೇ ಅನುಸ್ಥಾಪಿಸಿದೆ. ಅದರ ಮೇಲೆ, ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಎಕ್ಸ್ ಸರ್ವರ್ ಮತ್ತು ಲಾಗಿನ್ ಪರದೆಗೆ ಲೈಟ್‌ಡಿಎಂ. ಇನ್ನು ಉಳಿದದ್ದು ಮುಖ್ಯ ಪ್ರಶ್ನೆ: ಅಪ್ಪನ ಕಣ್ಣಿಗೆ ಕಾಣುವ ಮೇಲ್ಮೈ ಯಾವುದಿರಬೇಕು?

ಇಲ್ಲಿ ಒಂದು ವಿಂಗಡಣೆಯನ್ನು ಹೇಳಿಕೊಳ್ಳಬೇಕು. ವಿಂಡೋಸಿನಲ್ಲಿ ಡೆಸ್ಕ್‌ಟಾಪ್ ಎನ್ನುವುದು ಒಂದೇ ವಸ್ತುವಾಗಿ ತೋರುತ್ತದೆ. ಲಿನಕ್ಸಿನಲ್ಲಿ ಅದು ಹಲವು ಕಾರ್ಯಕ್ರಮಗಳ (ಪ್ರೋಗ್ರಾಮ್‌ಗಳ) ಜೋಡಣೆ. ವಿಂಡೋಗೆ ಚೌಕಟ್ಟು ಕಟ್ಟಿ, ತಲೆಯ ಮೇಲೆ ಹೆಸರಿನ ಪಟ್ಟಿ ಬರೆದು, ಚಿಕ್ಕದು ದೊಡ್ಡದು ಮಾಡುವ ಗುಂಡಿಗಳನ್ನಿಟ್ಟು, ಯಾವ ವಿಂಡೋ ಮೇಲಿರಬೇಕು ಯಾವುದು ಕೆಳಗಿರಬೇಕು ಎಂದು ತೀರ್ಮಾನಿಸುವಷ್ಟೇ ವಿಂಡೋ ಮ್ಯಾನೇಜರಿನ ಕೆಲಸ. ಕೆಳಗಿನ ಟಾಸ್ಕ್‌ಬಾರ್, ಪರದೆಯ ಮೇಲಿನ ಚಿತ್ರಿಕೆಗಳು, ಬ್ಯಾಟರಿ ಮತ್ತು ಧ್ವನಿಯ ಗುರುತುಗಳು, ಇವೆಲ್ಲ ಬೇರೆ ಬೇರೆ ಕಾರ್ಯಕ್ರಮಗಳಾಗಿರಬಹುದು. ಎಕ್ಸ್‌ಎಫ್‌ಸಿಇಯಂತಹ ಪೂರ್ಣ ಡೆಸ್ಕ್‌ಟಾಪ್ ಇವೆಲ್ಲವನ್ನೂ ಒಟ್ಟಿಗೆ ಕಟ್ಟಿಕೊಡುತ್ತದೆ, ಮತ್ತು 2 ಜಿಬಿಯ ಯಂತ್ರದಲ್ಲಿ ಅದು ನಡೆಯದು ಎಂದು ಹೇಳಲಾರೆ. ಆದರೆ ನಾನು ಹಾಕಿ ನೋಡಿದಾಗ, ಏನನ್ನೂ ತೆರೆಯುವ ಮೊದಲೇ ಸುಮಾರು 400 ಎಂಬಿ ಮೆಮೊರಿ ಹೋಗಿತ್ತು. ಈಗಿನ ಬ್ರೌಸರ್ ಎರಡು ಪುಟ ತೆರೆದರೆ ಸಾಕು, ಉಳಿದದ್ದರಲ್ಲಿ ಅರ್ಧವನ್ನು ತಾನೇ ತೆಗೆದುಕೊಳ್ಳುತ್ತದೆ. ವಿಂಡೋ ಮ್ಯಾನೇಜರಿನಲ್ಲಿ ಉಳಿಸಿದ ಇನ್ನೂರು ಎಂಬಿ ಆ ಬ್ರೌಸರಿಗೆ ಸಿಗುತ್ತದೆ ಎಂಬುದೇ ನನ್ನ ಲೆಕ್ಕಾಚಾರವಾಗಿತ್ತು.

ಹುಡುಕುವ ಮೊದಲು ಒಂದು ದಿನ ಅಪ್ಪ ಹಳೆಯ ವಿಂಡೋಸಿನಲ್ಲಿ ಕೆಲಸ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ಇದು ನಾನು ಮಾಡಿದ ಕೆಲಸಗಳಲ್ಲೆಲ್ಲ ಅತ್ಯಂತ ಉಪಯೋಗಕ್ಕೆ ಬಂದದ್ದು. ಕೆಳಗಿನ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ, ತೆರೆದಿರುವ ಪ್ರತಿಯೊಂದು ಕಡತಕ್ಕೂ ಟಾಸ್ಕ್‌ಬಾರಿನಲ್ಲಿ ಹೆಸರಿರುವ ಒಂದು ಗುಂಡಿ, ಹೆಸರಿನ ಪಟ್ಟಿಯ ಮೇಲೆ ಎರಡು ಬಾರಿ ಒತ್ತಿದರೆ ವಿಂಡೋ ಪೂರ್ತಿ ಹರಡುವುದು, ಆಲ್ಟ್ ಜೊತೆ ಎಫ್4 ಒತ್ತಿದರೆ ಮುಚ್ಚುವುದು, ವಿಂಡೋಸ್ ಕೀಲಿಯನ್ನು ಮಾತ್ರ ಒತ್ತಿದರೆ ಮೆನು ಬರುವುದು, ಅದರೊಂದಿಗೆ ಡಿ ಒತ್ತಿದರೆ ಎಲ್ಲ ಸರಿದು ಡೆಸ್ಕ್‌ಟಾಪ್ ಕಾಣುವುದು: ಇಷ್ಟು ಅವರ ಕೈಯಲ್ಲಿ ಕೂತಿತ್ತು. ಬಣ್ಣವನ್ನಾಗಲಿ ಚಿತ್ರವನ್ನಾಗಲಿ ಅವರು ಗಮನಿಸುತ್ತಲೇ ಇರಲಿಲ್ಲ. ಪರಿಚಿತವಾದ ನೋಟ ಬೇಕೆಂದು ಹೇಳುವವರು ನಿಜವಾಗಿ ಕೇಳುತ್ತಿರುವುದು ಕೈಗೆ ಪರಿಚಯವಿರುವ ಜಾಗಗಳನ್ನು ಎಂದು ನನಗೆ ಅಂದು ಸ್ಪಷ್ಟವಾಯಿತು, ಮತ್ತು ಆ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ.

ಪಟ್ಟಿಗೆ ಮೊದಲು ಹೊಂದಿದ್ದು ಐಸ್‌ಡಬ್ಲ್ಯೂಎಂ. 1997ರಲ್ಲಿ ಮಾರ್ಕೋ ಮಾಚೆಕ್ ಆರಂಭಿಸಿದ, ಸಿ++ ಭಾಷೆಯಲ್ಲಿ ಬರೆದ ಈ ವಿಂಡೋ ಮ್ಯಾನೇಜರ್ ಇಂದಿಗೂ ಬೆಳೆಯುತ್ತಿದೆ. ಹಳೆಯ ಯಂತ್ರಗಳಿಗೆಂದೇ ಇರುವ ಆಂಟಿಎಕ್ಸ್ ವಿತರಣೆಯಲ್ಲಿ ಇದೇ ಮೊದಲ ಆಯ್ಕೆ. ಟಾಸ್ಕ್‌ಬಾರ್, ಮೆನು, ಗಡಿಯಾರ, ಬ್ಯಾಟರಿಯ ಗುರುತು ಎಲ್ಲವೂ ಇದರ ಒಳಗೇ ಇವೆ, ಬೇರೆ ಫಲಕ ತರಬೇಕಾಗಿಲ್ಲ. ಹೊಂದಿಕೆಗಳೆಲ್ಲ (ಸೆಟ್ಟಿಂಗ್‌ಗಳು) ಮನೆಕೋಶದೊಳಗಿನ (ಹೋಮ್ ಫೋಲ್ಡರ್) ಒಂದು ಕೋಶದಲ್ಲಿ ಸರಳ ಪಠ್ಯ ಕಡತಗಳಾಗಿರುತ್ತವೆ: ಪ್ರಿಫರೆನ್ಸಸ್ ಎಂಬುದರಲ್ಲಿ ನಡವಳಿಕೆ, ಮೆನು ಎಂಬುದರಲ್ಲಿ ಮೆನು, ಟೂಲ್‌ಬಾರ್ ಎಂಬುದರಲ್ಲಿ ಟಾಸ್ಕ್‌ಬಾರಿನ ಚಿತ್ರಿಕೆಗಳು, ಕೀಸ್ ಎಂಬುದರಲ್ಲಿ ಕೀಲಿಗಳು, ಸ್ಟಾರ್ಟಪ್ ಎಂಬುದರಲ್ಲಿ ಆರಂಭದಲ್ಲಿ ಓಡಬೇಕಾದ ಕಾರ್ಯಕ್ರಮಗಳು. ವಿಂಡೋಸ್ ಕೀಲಿ ಒತ್ತಿದರೆ ಮೆನು ತೆರೆಯುವುದಕ್ಕೂ ಪ್ರಿಫರೆನ್ಸಸ್ ಕಡತದಲ್ಲಿ ಪ್ರತ್ಯೇಕವಾದ ಒಂದು ಸಾಲಿದೆ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದರೆ ಲಾಗ್ಔಟ್, ಶಟ್‌ಡೌನ್ ಮುಂತಾದ ಆಯ್ಕೆಗಳಿರುವ ಚೌಕವೊಂದು ಬರುತ್ತದೆ. ವಿಂಡೋಸ್ 95ರ ನೋಟದ ಥೀಮ್ ಅದರ ಜೊತೆಯಲ್ಲೇ ಬರುತ್ತದೆ. ಹೊಂದಿಕೆ ಬದಲಿಸಿದ ಮೇಲೆ ಮೆನುವಿನಿಂದಲೇ ಮರುಆರಂಭಿಸಬಹುದು, ತೆರೆದಿರುವ ಕಡತಗಳು ಹಾಗೆಯೇ ಉಳಿಯುತ್ತವೆ. ಒಂದು ಮಧ್ಯಾಹ್ನದೊಳಗೆ ನನ್ನ ಹಾಳೆಯ ಪಟ್ಟಿಯಲ್ಲಿದ್ದುದೆಲ್ಲ ಕೆಲಸ ಮಾಡುತ್ತಿತ್ತು, ಸುಮ್ಮನಿರುವಾಗ ಯಂತ್ರ ಬಳಸುತ್ತಿದ್ದದ್ದು 150 ಎಂಬಿಯ ಆಸುಪಾಸು. ಆಯ್ಕೆ ಮುಗಿಯಿತು ಎಂದೇ ಭಾವಿಸಿದೆ.

ಸಂಜೆ ಅಪ್ಪ ಬಂದು ತಮ್ಮ ಕಡತವೊಂದನ್ನು ತೆರೆದರು. ಅವರ ಕಡತಗಳ ಹೆಸರುಗಳೆಲ್ಲ ಕನ್ನಡದಲ್ಲಿಯೇ ಇರುತ್ತವೆ. ತೆರೆದ ಕ್ಷಣವೇ ಕನ್ನಡಕ ಸರಿಮಾಡಿಕೊಂಡು ಮೇಲಿನ ಪಟ್ಟಿಯನ್ನು ನೋಡಿ, "ಏನೇ ಇದು, ಒತ್ತಕ್ಷರವನ್ನೆಲ್ಲ ಬಿಡಿಸಿ ಬರೆದಿದೆಯಲ್ಲ, ಒಂದನೇ ಕ್ಲಾಸಿನ ಮಕ್ಕಳ ಹಾಗೆ?" ಎಂದರು. ಬಗ್ಗಿ ನೋಡಿದೆ. 'ಗ್ರಾಮನಾಮ' ಎಂದಿರಬೇಕಾದ ಕಡೆ ಗ, ಅದರ ಪಕ್ಕದಲ್ಲಿ ತೇಲುವ ಹಲಂತದ ಗುರುತು, ಆಮೇಲೆ ಬಿಡಿಯಾದ ರ, ಅದರಿಂದ ದೂರ ಸರಿದು ನಿಂತ ದೀರ್ಘ. ಟಾಸ್ಕ್‌ಬಾರಿನ ಗುಂಡಿಯಲ್ಲಿಯೂ ಅದೇ ಸ್ಥಿತಿ. ಕಡತದ ಒಳಗೆ ಮಾತ್ರ ಅಕ್ಷರಗಳು ಮುತ್ತಿನಂತೆ ಸರಿಯಾಗಿದ್ದವು.

ಮೊದಲು ಫಾಂಟಿನ ಕೊರತೆ ಇರಬೇಕೆಂದುಕೊಂಡೆ. ಡೆಬಿಯನ್‌ನ ಕನ್ನಡ ಫಾಂಟುಗಳ ಕಟ್ಟನ್ನು ಹಾಕಿದೆ. ಲೋಹಿತ್ ಕನ್ನಡ, ನವಿಲು, ಗುಬ್ಬಿ ಎಲ್ಲವೂ ಬಂದವು. ಪ್ರಿಫರೆನ್ಸಸ್ ಕಡತದಲ್ಲಿ ಹೆಸರಿನ ಪಟ್ಟಿಗೂ, ಮೆನುವಿಗೂ, ಟಾಸ್ಕ್‌ಬಾರಿಗೂ ಲೋಹಿತ್ ಕನ್ನಡವನ್ನೇ ನಮೂದಿಸಿದೆ. ಅಕ್ಷರದ ಆಕಾರ ಚೆನ್ನಾಯಿತೇ ಹೊರತು ಒತ್ತಕ್ಷರ ಕೂಡಿಕೊಳ್ಳಲಿಲ್ಲ. 'ಪ್ರಾರ್ಥನೆ' ಎಂಬ ಹೆಸರಿನ ಖಾಲಿ ಕಡತವೊಂದನ್ನು ಮಾಡಿಕೊಂಡು ಅದನ್ನೇ ಪರೀಕ್ಷೆಗಿಟ್ಟುಕೊಂಡೆ, ಏಕೆಂದರೆ ಅದೊಂದೇ ಪದದಲ್ಲಿ ರಕಾರದ ಒತ್ತು, ದೀರ್ಘ, ಅರ್ಕಾವೊತ್ತು, ಎತ್ವ ನಾಲ್ಕೂ ಇವೆ.

ಕಾರಣ ಹೀಗಿದೆ. ಯೂನಿಕೋಡಿನಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲ; ಪ, ಹಲಂತ, ರ ಎಂಬ ಮೂರು ಸಂಕೇತಗಳು ಸಾಲಾಗಿ ಬಂದಾಗ ಅದನ್ನು ಪ್ರ ಎಂದು ಬರೆಯಬೇಕೆಂಬ ನಿಯಮ ಫಾಂಟಿನೊಳಗಿನ ಕೋಷ್ಟಕಗಳಲ್ಲಿರುತ್ತದೆ. ಅರ್ಕಾವೊತ್ತಿನ ವಿಷಯ ಇನ್ನೂ ಸೂಕ್ಷ್ಮ: ಸಂಗ್ರಹದಲ್ಲಿ ರ ಮೊದಲು ಬಂದಿದ್ದರೂ ಬರವಣಿಗೆಯಲ್ಲಿ ಅದರ ಚಿಹ್ನೆ ಥ ಅಕ್ಷರದ ನಂತರ ಹೋಗಿ ಕೂರಬೇಕು, ಅಂದರೆ ಸ್ಥಾನವನ್ನೇ ಬದಲಿಸಬೇಕು. ಆ ಕೋಷ್ಟಕಗಳನ್ನು ಓದಿ ಅಕ್ಷರಗಳನ್ನು ಕೂಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ಗ್ರಂಥಾಲಯ (ಬೇರೆ ಕಾರ್ಯಕ್ರಮಗಳು ಬಳಸಿಕೊಳ್ಳುವ ಸಿದ್ಧ ತಂತ್ರಾಂಶದ ತುಣುಕು) ಮಾಡುತ್ತದೆ, ಮತ್ತು ಗುಂಡಿ, ಮೆನುಗಳನ್ನು ಬಿಡಿಸಲು ಜಿಟಿಕೆ ಎಂಬ ಗ್ರಂಥಾಲಯ ಬಳಸುವ ಕಾರ್ಯಕ್ರಮಗಳು ಪ್ಯಾಂಗೋ ಎಂಬುದರ ಮೂಲಕ ಅದನ್ನು ಕರೆಯುತ್ತವೆ. ನನ್ನ ಯಂತ್ರದಲ್ಲಿದ್ದ ಐಸ್‌ಡಬ್ಲ್ಯೂಎಂ ಅಕ್ಷರಗಳನ್ನು ಬರೆಯುತ್ತಿದ್ದದ್ದು ಎಕ್ಸ್‌ಎಫ್‌ಟಿ ಎಂಬ ಸರಳ ಗ್ರಂಥಾಲಯದ ಮೂಲಕ. ಅದು ಪ್ರತಿಯೊಂದು ಸಂಕೇತಕ್ಕೂ ಒಂದೊಂದು ಆಕಾರವನ್ನು ತೆಗೆದು ಸಾಲಾಗಿ ಇಡುತ್ತದೆ, ಅಷ್ಟೇ. ಇಂಗ್ಲಿಷಿಗೆ ಅಷ್ಟು ಸಾಕು, ಕನ್ನಡಕ್ಕೆ ಸಾಲದು. ಫಾಂಟನ್ನು ಎಷ್ಟು ಬಾರಿ ಬದಲಿಸಿದರೂ ಪ್ರಯೋಜನವಾಗದಿದ್ದದ್ದು ಈ ಕಾರಣಕ್ಕೆ.

ಕಡತಗಳಿಗೆ ಇಂಗ್ಲಿಷ್ ಹೆಸರಿಡಿ ಎಂದು ಅಪ್ಪನಿಗೆ ಹೇಳಬಹುದಿತ್ತು. ಆದರೆ ಮೂವತ್ತು ವರ್ಷ ಮಕ್ಕಳ ಒತ್ತಕ್ಷರ ತಿದ್ದಿದವರಿಗೆ ಅದನ್ನು ಹೇಳುವುದು ನನಗೆ ಸರಿಯೆನಿಸಲಿಲ್ಲ, ಮತ್ತು ತಾಂತ್ರಿಕವಾಗಿ ಪರಿಹಾರವಿರುವಾಗ ಬರೆಯುವವರೇ ಏಕೆ ತಮ್ಮ ಭಾಷೆಯನ್ನು ಬಿಟ್ಟುಕೊಡಬೇಕು? ವೆಬ್ ಪುಟಗಳ ಶೀರ್ಷಿಕೆಗಳೂ ಅದೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದರಿಂದ ಕನ್ನಡ ಪತ್ರಿಕೆ ತೆರೆದಾಗಲೆಲ್ಲ ಅದೇ ಒಡೆದ ಅಕ್ಷರಗಳು ಎದುರಾಗುತ್ತಿದ್ದವು. ಐಸ್‌ಡಬ್ಲ್ಯೂಎಂ ಅನ್ನು ನಾನು ಬೇಸರದಿಂದಲೇ ಬಿಟ್ಟೆ. ಇಂಗ್ಲಿಷಿನಲ್ಲಿ ಮಾತ್ರ ಕೆಲಸ ಮಾಡುವವರ ಹಳೆಯ ಯಂತ್ರಕ್ಕೆ ಇಂದಿಗೂ ನಾನು ಮೊದಲು ಸೂಚಿಸುವುದು ಅದನ್ನೇ.

ಫ್ಲಕ್ಸ್‌ಬಾಕ್ಸ್ ಎಂಬ ಇನ್ನೊಂದು ವಿಂಡೋ ಮ್ಯಾನೇಜರನ್ನು ಹದಿನೈದು ನಿಮಿಷ ನೋಡಿ ಕೈಬಿಟ್ಟೆ: ಅಲ್ಲಿಯೂ ಒತ್ತಕ್ಷರಗಳದ್ದು ಅದೇ ಗತಿ, ಜೊತೆಗೆ ಖಾಲಿ ಪರದೆಯ ಮೇಲೆ ಬಲಗುಂಡಿ ಒತ್ತಿ ಮೆನು ತೆರೆಯುವ ಅದರ ಪದ್ಧತಿ ಅಪ್ಪನಿಗೆ ಒಗ್ಗುವಂಥದ್ದಲ್ಲ. ಪಪ್ಪಿ ಲಿನಕ್ಸಿನಿಂದ ಅನೇಕರಿಗೆ ಪರಿಚಯವಿರುವ ಜೆಡಬ್ಲ್ಯೂಎಂನಲ್ಲಿ ಮೆನು, ಟಾಸ್ಕ್‌ಬಾರ್, ಗಡಿಯಾರ ಇವೆ. ಬ್ಯಾಟರಿಗೂ ಧ್ವನಿಗೂ ಹೊರಗಿನ ಕಾರ್ಯಕ್ರಮಗಳನ್ನು ತಂದು ಜೋಡಿಸಬೇಕು. ಹೇಗೂ ಜೋಡಿಸುವುದೇ ಆದರೆ, ಅಕ್ಷರಗಳನ್ನು ಪ್ಯಾಂಗೋ ಮೂಲಕವೇ ಬರೆಯುತ್ತದೆಂದು ನನಗೆ ಖಚಿತವಾಗಿ ತಿಳಿದಿದ್ದ ಓಪನ್‌ಬಾಕ್ಸಿನ ಸುತ್ತಲೇ ಏಕೆ ಜೋಡಿಸಬಾರದು ಎಂದು ಆ ಕಡೆಗೆ ತಿರುಗಿದೆ.

ಓಪನ್‌ಬಾಕ್ಸಿನ ಕೊನೆಯ ಬಿಡುಗಡೆ 3.6.1, ಅದು ಬಂದದ್ದು 2015ರಲ್ಲಿ. ಅಷ್ಟು ಹಳೆಯದೆಂದು ಹಿಂಜರಿಯಬೇಕಾಗಿಲ್ಲ, ಎಲ್‌ಎಕ್ಸ್‌ಡಿಇ ಎಂಬ ಹಗುರ ಡೆಸ್ಕ್‌ಟಾಪಿನ ಒಳಗೆ ವಿಂಡೋಗಳನ್ನು ನೋಡಿಕೊಳ್ಳುವುದು ಇದೇ. ಇದರಲ್ಲಿ ಫಲಕವಿಲ್ಲ, ಚಿತ್ರಿಕೆಗಳಿಲ್ಲ. ಆರಂಭಿಸಿದರೆ ಬೂದುಬಣ್ಣದ ಖಾಲಿ ಪರದೆ ಮಾತ್ರ. ಪರೀಕ್ಷೆಯ ಕಡತ ತೆರೆದೆ. ಹೆಸರಿನ ಪಟ್ಟಿಯಲ್ಲಿ 'ಪ್ರಾರ್ಥನೆ' ಅಚ್ಚುಕಟ್ಟಾಗಿ, ಅರ್ಕಾವೊತ್ತು ತನ್ನ ಜಾಗದಲ್ಲಿ ಕೂತು, ಬಂದಿತ್ತು. ಒಂದು ಕೊರತೆ ಉಳಿದಿತ್ತು: ರಕಾರದ ಒತ್ತಿನ ತುದಿ ಕೆಳಗೆ ಕತ್ತರಿಸಿಹೋಗಿತ್ತು. ಪಟ್ಟಿಯ ಎತ್ತರವನ್ನು ಓಪನ್‌ಬಾಕ್ಸ್ ಲೆಕ್ಕ ಹಾಕುವುದು ಹೊಂದಿಕೆಯಲ್ಲಿ ಹೆಸರಿಸಿದ ಫಾಂಟಿನ ಅಳತೆಯಿಂದ. ಅಲ್ಲಿ ಇಂಗ್ಲಿಷ್ ಫಾಂಟಿದ್ದು ಕನ್ನಡದ ಅಕ್ಷರಗಳು ಬೇರೆ ಫಾಂಟಿನಿಂದ ಎರವಲು ಬಂದರೆ, ಒತ್ತುಗಳಿಗೆ ಬೇಕಾದ ಕೆಳಗಿನ ಜಾಗ ಲೆಕ್ಕಕ್ಕೆ ಸಿಗುವುದಿಲ್ಲ. ಆರ್‌ಸಿ ಎಂಬ ಎಕ್ಸ್‌ಎಂಎಲ್ ಕಡತದಲ್ಲಿ ಸಕ್ರಿಯ ವಿಂಡೋ, ನಿಷ್ಕ್ರಿಯ ವಿಂಡೋ, ಮೆನು ಎಲ್ಲಕ್ಕೂ ಲೋಹಿತ್ ಕನ್ನಡವನ್ನೇ ಮೊದಲ ಫಾಂಟಾಗಿ ಬರೆದ ಮೇಲೆ ಪಟ್ಟಿ ಕೆಲವು ಚುಕ್ಕಿಗಳಷ್ಟು (ಪಿಕ್ಸೆಲ್) ಎತ್ತರವಾಗಿ ಒತ್ತುಗಳು ಪೂರ್ತಿ ಕಾಣಿಸಿದವು. 600 ಚುಕ್ಕಿಗಳ ಎತ್ತರದ ಪರದೆಯಲ್ಲಿ ಒಂದೊಂದು ಚುಕ್ಕಿಯೂ ಬೆಲೆಯುಳ್ಳದ್ದು, ಆದರೆ ಈ ಕೆಲವನ್ನು ಕೊಡಲೇಬೇಕು.

ಟಾಸ್ಕ್‌ಬಾರಿಗೆ ಎಲ್‌ಎಕ್ಸ್‌ಪ್ಯಾನೆಲ್ ಹಾಕಿದೆ. ಟಿಂಟ್2 ಅದಕ್ಕಿಂತ ಹಗುರವಾದರೂ ಅದರಲ್ಲಿ ವಿಂಡೋಸಿನಂತಹ ಮೆನು ಸಿದ್ಧವಾಗಿ ಬರುವುದಿಲ್ಲ. ಎಲ್‌ಎಕ್ಸ್‌ಪ್ಯಾನೆಲ್‌ನಲ್ಲಿ ಮೆನು, ಚಿತ್ರಿಕೆಗಳ ಸಾಲು, ತೆರೆದ ವಿಂಡೋಗಳ ಗುಂಡಿಗಳು, ಧ್ವನಿ, ಬ್ಯಾಟರಿ, ಗಡಿಯಾರ ಎಲ್ಲವೂ ತುಣುಕುಗಳಾಗಿವೆ, ಮೌಸಿನಿಂದಲೇ ಸೇರಿಸಬಹುದು, ತೆಗೆಯಬಹುದು. ಜಿಟಿಕೆ ಬಳಸುವುದರಿಂದ ಗುಂಡಿಗಳ ಮೇಲಿನ ಕನ್ನಡವೂ ಸರಿಯಾಗಿ ಬಂತು. ಫಲಕದ ಎತ್ತರವನ್ನು 28 ಚುಕ್ಕಿಗಳಿಗೆ ನಿಲ್ಲಿಸಿದೆ. 24ಕ್ಕೆ ಇಳಿಸಿದಾಗ ಒತ್ತುಗಳು ಮತ್ತೆ ಅಂಚಿಗೆ ತಾಗುತ್ತಿದ್ದವು. ದಿನಾಂಕ ಮತ್ತು ವಾರದ ಹೆಸರಿಗೆ ಮಾತ್ರ ಕನ್ನಡದ ಸ್ಥಳೀಯತೆಯನ್ನು ಹೊಂದಿಸಿದ್ದರಿಂದ ಗಡಿಯಾರದ ಪಕ್ಕದಲ್ಲಿ 'ಸೋಮವಾರ' ಎಂದು ಬರುತ್ತದೆ. ಮೆನುಗಳನ್ನು ಇಂಗ್ಲಿಷಿನಲ್ಲಿಯೇ ಉಳಿಸಿದೆ. ಇದನ್ನು ಅಪ್ಪನೇ ಕೇಳಿದ್ದು: ಫೈಲ್, ಎಡಿಟ್, ಸೇವ್ ಎಂಬ ಮಾತುಗಳು ಹನ್ನೆರಡು ವರ್ಷದಿಂದ ಕಣ್ಣಿಗೆ ಕೂತಿವೆ, ಈಗ ಅವುಗಳ ಅನುವಾದ ಹುಡುಕುತ್ತ ಕೂರಲಾರೆ ಎಂದರು.

ಪರದೆಯ ಮೇಲಿನ ಚಿತ್ರಿಕೆಗಳನ್ನು ಪಿಸಿಮ್ಯಾನ್‌ಎಫ್‌ಎಂ ಎಂಬ ಕಡತ ನಿರ್ವಾಹಕವೇ ಬಿಡಿಸುತ್ತದೆ, ಡೆಸ್ಕ್‌ಟಾಪ್ ಎಂಬ ಆಯ್ಕೆಯೊಂದಿಗೆ ಅದನ್ನು ಆರಂಭಿಸಬೇಕು. ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿದಾಗ ವಿಂಡೋ ಮ್ಯಾನೇಜರಿನ ಮೆನು ಬರಬೇಕೆ ಎಂಬ ಆಯ್ಕೆ ಅದರಲ್ಲಿದೆ. ಅದನ್ನು ಆರಿಸದೆ ಬಿಟ್ಟರೆ ವಿಂಡೋಸಿನಲ್ಲಿ ಬರುವಂತೆ ಹೊಸ ಕೋಶ, ಅಂಟಿಸು ಮುಂತಾದವು ಬರುತ್ತವೆ.

ಬಣ್ಣದ ಕೆಲಸಕ್ಕೆ ಒಂದು ಇಡೀ ಸಂಜೆ ಕೊಟ್ಟೆ. ಅಪ್ಪ ಬಣ್ಣ ನೋಡುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ, ಆದರೂ ಯಾವ ವಿಂಡೋ ಸಕ್ರಿಯವಾಗಿದೆ ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು, ಅದಕ್ಕೆ ಹೆಸರಿನ ಪಟ್ಟಿಯ ಬಣ್ಣ ಗಾಢವಾಗಿರಬೇಕು. ವಿಂಡೋಸ್ 2000ದ ಹಳೆಯ ನೋಟ ಈ ವಿಷಯದಲ್ಲಿ ಇಂದಿಗೂ ಉತ್ತಮವೆಂಬುದು ನನ್ನ ಅಭಿಪ್ರಾಯ. ಅದರ ಸಕ್ರಿಯ ಪಟ್ಟಿ ಎಡದಲ್ಲಿ ಗಾಢ ನೀಲಿಯಿಂದ ಆರಂಭವಾಗಿ ಬಲಕ್ಕೆ ತಿಳಿನೀಲಿಯಾಗುತ್ತ ಹೋಗುತ್ತದೆ: ಕೆಂಪು, ಹಸಿರು, ನೀಲಿಯ ಅಳತೆಯಲ್ಲಿ 10, 36, 106ರಿಂದ 166, 202, 240ರವರೆಗೆ. ಚೌಕಟ್ಟಿನ ಬೂದು 212, 208, 200. ಹಿನ್ನೆಲೆಯ ನೀಲಿ 58, 110, 165. ಓಪನ್‌ಬಾಕ್ಸಿನ ಥೀಮ್ ಕಡತದಲ್ಲಿ ಪಟ್ಟಿಗೆ ಅಡ್ಡಡ್ಡವಾಗಿ ಬದಲಾಗುವ ಬಣ್ಣವೆಂದು ನಮೂದಿಸಿ, ಆರಂಭದ ಮತ್ತು ಕೊನೆಯ ಬಣ್ಣಗಳನ್ನು ಕೊಟ್ಟರೆ ಸಾಕು. ಗುಂಡಿಗಳ ಕ್ರಮ ಮೊದಲಿನಿಂದಲೇ ವಿಂಡೋಸಿನಂತೆ, ಅಂದರೆ ಚಿಕ್ಕದಾಗಿಸು, ಹರಡು, ಮುಚ್ಚು ಎಂದಿರುವುದರಿಂದ ಅದನ್ನು ಮುಟ್ಟಲಿಲ್ಲ.

ಗುಂಡಿಗಳೊಳಗಿನ ಚಿಹ್ನೆಗಳನ್ನು ನಾನೇ ಬಿಡಿಸಿದೆ. ಅವು ಎಕ್ಸ್‌ಬಿಎಂ ಎಂಬ ಮಾದರಿಯ ಪುಟ್ಟ ಕಡತಗಳು. ಪ್ರತಿಯೊಂದು ಚುಕ್ಕಿ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುವ ಸರಳ ಪಠ್ಯ. ಎಂಟು ಅಡ್ಡ ಎಂಟು ಉದ್ದದ ಚೌಕ ಮಾಡಿಕೊಂಡು ರಂಗೋಲಿಯ ಚುಕ್ಕಿ ಇಡುವಂತೆ ಹಾಳೆಯ ಮೇಲೆ ಗುರುತು ಮಾಡಿದೆ, ಒಂದು ಸಾಲಿಗೆ ಒಂದು ಬೈಟ್. ಮುಚ್ಚುವ ಗುಂಡಿಯೂ ಹರಡುವ ಗುಂಡಿಯೂ ಚೆನ್ನಾಗಿ ಬಂದವು, ಆದರೆ ಹರಡಿದ ವಿಂಡೋವನ್ನು ಹಿಂದಕ್ಕೆ ತರುವ ಗುಂಡಿಯಲ್ಲಿನ ಎರಡು ಚೌಕಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿದ್ದವು. ಈ ಮಾದರಿಯಲ್ಲಿ ಎಡದ ಚುಕ್ಕಿಯನ್ನು ಬೈಟಿನ ಅತ್ಯಂತ ಕಿರಿಯ ಬಿಟ್ ಸೂಚಿಸುತ್ತದೆ. ನಾನು ಸಂಖ್ಯೆ ಬರೆಯುವ ಅಭ್ಯಾಸದಂತೆ ಹಿರಿಯದನ್ನು ಎಡಕ್ಕಿಟ್ಟಿದ್ದೆ. ಉಳಿದ ಚಿಹ್ನೆಗಳ ಎಡಬಲ ಒಂದೇ ಆಗಿದ್ದರಿಂದ ಅವುಗಳಲ್ಲಿ ತಪ್ಪು ಕಾಣಿಸಿರಲಿಲ್ಲ.

ಕೀಲಿಗಳಲ್ಲಿ ಕಷ್ಟ ಕೊಟ್ಟದ್ದು ವಿಂಡೋಸ್ ಕೀಲಿ ಒಂದೇ. ಓಪನ್‌ಬಾಕ್ಸಿನಲ್ಲಿ ಅದನ್ನು ನೇರವಾಗಿ ಮೆನುವಿಗೆ ಕಟ್ಟಿದರೆ, ಒತ್ತಿದ ಕೂಡಲೇ ಮೆನು ತೆರೆದು, ಅದರೊಂದಿಗೆ ಡಿ ಅಥವಾ ಇ ಒತ್ತುವ ಸಂಯೋಜನೆಗಳೆಲ್ಲ ಕೆಡುತ್ತವೆ. ಎಕ್ಸ್‌ಕೇಪ್ ಎಂಬ ಪುಟ್ಟ ಕಾರ್ಯಕ್ರಮ ಇದಕ್ಕೆ ಪರಿಹಾರ. ವಿಂಡೋಸ್ ಕೀಲಿಯನ್ನು ಬೇರೆ ಯಾವುದರ ಜೊತೆಗೂ ಸೇರಿಸದೆ ಒತ್ತಿ ಬಿಟ್ಟಾಗ ಮಾತ್ರ ಅದು ಕಂಟ್ರೋಲ್ ಮತ್ತು ಎಸ್ಕೇಪ್ ಒತ್ತಿದಂತೆ ಸುದ್ದಿ ಕಳಿಸುತ್ತದೆ. ಆ ಜೋಡಿಯನ್ನು ಆರ್‌ಸಿ ಕಡತದಲ್ಲಿ ಎಲ್‌ಎಕ್ಸ್‌ಪ್ಯಾನೆಲ್‌ನ ಮೆನು ತೆರೆಯುವ ಆದೇಶಕ್ಕೆ ಕಟ್ಟಿದೆ. ಇ ಜೊತೆಗಿನ ಸಂಯೋಜನೆಗೆ ಪಿಸಿಮ್ಯಾನ್‌ಎಫ್‌ಎಂ ಹಾಕಿದೆ. ಡಿ ಜೊತೆಗಿನದ್ದು ಮೊದಲೇ ಸರಿಯಾಗಿತ್ತು.

ಕನ್ನಡ ಟೈಪಿಂಗಿಗೆ ಐಬಸ್ ಮತ್ತು ಅದರ ಎಂ17ಎನ್ ಕಟ್ಟು. ಅಪ್ಪನಿಗೆ ಗೊತ್ತಿರುವುದು ನುಡಿ ತಂತ್ರಾಂಶದ ಕಗಪ ವಿನ್ಯಾಸ. ಅದು ಎಂ17ಎನ್‌ನಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಎಕ್ಸ್ ಸರ್ವರಿನ ಕೀಲಿಮಣೆ ವಿನ್ಯಾಸಗಳಲ್ಲಿಯೂ ಕಗಪ ಎಂಬುದೊಂದಿದೆ, ಅದನ್ನು ಬಳಸಿದರೆ ಐಬಸ್‌ನ ಮೆಮೊರಿಯೂ ಉಳಿಯುತ್ತದೆ. ಆದರೆ ಅಲ್ಲಿ ಒಂದು ಕೀಲಿಗೆ ಒಂದು ಸಂಕೇತ ಎಂಬ ನಿಯಮವಿರುವುದರಿಂದ ವ್ಯಂಜನದ ನಂತರ ಒತ್ತಿದ ಸ್ವರ ತಾನಾಗಿ ಗುಣಿತವಾಗುವುದು, ಪದದ ಮೊದಲಲ್ಲಿ ಒತ್ತಿದರೆ ಪೂರ್ಣ ಸ್ವರವಾಗುವುದು ಸಾಧ್ಯವಿಲ್ಲ. ಹಿಂದಿನ ಅಕ್ಷರವನ್ನು ನೋಡಿ ನಿರ್ಧರಿಸುವುದು ಎಂ17ಎನ್‌ಗೆ ಸಾಧ್ಯ. ಪೂರ್ಣ ಡೆಸ್ಕ್‌ಟಾಪ್ ಇಲ್ಲದಿರುವಾಗ ಐಬಸ್ ತಾನಾಗಿ ಎದ್ದು ಬರುವುದಿಲ್ಲ. ಓಪನ್‌ಬಾಕ್ಸಿನ ಹೊಂದಿಕೆ ಕೋಶದಲ್ಲಿರುವ ಎನ್ವಿರಾನ್‌ಮೆಂಟ್ ಎಂಬ ಕಡತದಲ್ಲಿ ಜಿಟಿಕೆ, ಅದರಂಥದ್ದೇ ಆದ ಕ್ಯೂಟಿ ಮತ್ತು ಎಕ್ಸ್ ಮೂರಕ್ಕೂ ಐಬಸ್ ಬಳಸಬೇಕೆಂಬ ಸಾಲುಗಳನ್ನು ಬರೆದು, ಆಟೋಸ್ಟಾರ್ಟ್ ಕಡತದಲ್ಲಿ ಅದನ್ನು ಆರಂಭಿಸಿದೆ. ಲಿಬ್ರೆ ಆಫೀಸಿಗೆ ಜಿಟಿಕೆ3ರ ಜೋಡಣೆಯನ್ನು ಪ್ರತ್ಯೇಕವಾಗಿ ಅನುಸ್ಥಾಪಿಸಬೇಕಾಯಿತು, ಅದಿಲ್ಲದೆ ಅದರ ಮೆನುಗಳು ಉಳಿದವುಗಳೊಂದಿಗೆ ಹೊಂದುತ್ತಿರಲಿಲ್ಲ.

ಆಟೋಸ್ಟಾರ್ಟ್ ಕಡತದಲ್ಲಿ ಕೊನೆಗೆ ಉಳಿದ ಕ್ರಮವಿದು: ಎಲ್‌ಎಕ್ಸ್‌ಪ್ಯಾನೆಲ್, ಪಿಸಿಮ್ಯಾನ್‌ಎಫ್‌ಎಂ, ಪೆನ್‌ಡ್ರೈವ್ ತೆರೆಯುವ ಅನುಮತಿಗಾಗಿ ಎಲ್‌ಎಕ್ಸ್‌ಪೋಲ್‌ಕಿಟ್, ವೈಫೈಗಾಗಿ ನೆಟ್‌ವರ್ಕ್ ಮ್ಯಾನೇಜರಿನ ಗುರುತು, ಐಬಸ್, ಎಕ್ಸ್‌ಕೇಪ್. ಯಂತ್ರ ಆರಿಸುವುದಕ್ಕೆ (ಶಟ್‌ಡೌನ್) ಪ್ರಶ್ನೆಯ ಚೌಕ ತೋರಿಸುವ ಜೆನಿಟಿ ಬಳಸಿ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದೆ, 'ಕಂಪ್ಯೂಟರ್ ಆರಿಸಬೇಕೇ?' ಎಂದು ಕನ್ನಡದಲ್ಲಿ ಕೇಳಿ, ಹೌದೆಂದರೆ ಯಂತ್ರದ ಆರಂಭ, ನಿಲುಗಡೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಆದೇಶ ಕೊಡುತ್ತದೆ. ಅದನ್ನು ಎಲ್‌ಎಕ್ಸ್‌ಪ್ಯಾನೆಲ್‌ನ ಲಾಗ್ಔಟ್ ಆದೇಶದ ಜಾಗದಲ್ಲಿ ನಮೂದಿಸಿದೆ. ಇಷ್ಟೆಲ್ಲ ಎದ್ದು ಕೂತ ಮೇಲೆ ಬಳಕೆಯಾದ ಮೆಮೊರಿ ಸುಮಾರು 230 ಎಂಬಿ. ಐಸ್‌ಡಬ್ಲ್ಯೂಎಂಗಿಂತ ಹೆಚ್ಚು, ನಿಜ. ಅದರಲ್ಲಿ ಐಬಸ್‌ನ ಪಾಲೂ ಇದೆ, ಅದು ಯಾವ ವಿಂಡೋ ಮ್ಯಾನೇಜರ್ ಇದ್ದರೂ ಬೇಕಾಗುತ್ತಿತ್ತು.

ಅಪ್ಪನಿಗೆ ಒಪ್ಪಿಸಿದ ಮೇಲಿನ ವಾರದಲ್ಲಿ ಮೂರು ದೂರುಗಳು ಬಂದವು. ಮೊದಲ ಎರಡು ಓಪನ್‌ಬಾಕ್ಸಿನ ಪೂರ್ವನಿಯೋಜಿತ ಹೊಂದಿಕೆಗಳಿಂದ ಬಂದವು, ಅವನ್ನು ಇದನ್ನು ಬಳಸುವವರೆಲ್ಲ ಮೊದಲೇ ಸರಿಮಾಡಿಕೊಳ್ಳುವುದು ಒಳ್ಳೆಯದು. "ಬರೆಯುತ್ತಿದ್ದದ್ದೆಲ್ಲ ಮಾಯವಾಯಿತು" ಎಂದು ಮೊದಲ ಫೋನ್. ಖಾಲಿ ಪರದೆಯ ಮೇಲೆ ಟಚ್‌ಪ್ಯಾಡಿನ ಅಂಚಿನಲ್ಲಿ ಬೆರಳು ಸರಿದು, ನಾಲ್ಕು ಕಾರ್ಯಕ್ಷೇತ್ರಗಳಲ್ಲಿ (ಪ್ರತ್ಯೇಕ ಪರದೆಗಳಂತೆ ವರ್ತಿಸುವ ಜಾಗಗಳು) ಇನ್ನೊಂದಕ್ಕೆ ಹೋಗಿಬಿಟ್ಟಿದ್ದರು. ಆರ್‌ಸಿ ಕಡತದಲ್ಲಿ ಕಾರ್ಯಕ್ಷೇತ್ರಗಳ ಸಂಖ್ಯೆಯನ್ನು 1ಕ್ಕೆ ಇಳಿಸಿದೆ. "ಪುಟ ಸುರುಳಿ ಸುತ್ತಿಕೊಂಡು ತಲೆ ಮಾತ್ರ ಉಳಿದಿದೆ" ಎಂದು ಎರಡನೆಯದು. ಹೆಸರಿನ ಪಟ್ಟಿಯ ಮೇಲೆ ಚಕ್ರ ತಿರುಗಿಸಿದರೆ ವಿಂಡೋ ಮಡಚಿಕೊಳ್ಳುವ ಸೌಲಭ್ಯವದು; ಮೌಸಿನ ವಿಭಾಗದಲ್ಲಿ ಅದಕ್ಕೆ ಸಂಬಂಧಿಸಿದ ಸಾಲುಗಳನ್ನು ಅಳಿಸಿದೆ. ಮೂರನೆಯದಕ್ಕೆ ಪೂರ್ತಿ ಪರಿಹಾರವಿಲ್ಲ: ಕೆಲವು ಚೌಕಗಳು 600 ಚುಕ್ಕಿಗಿಂತ ಎತ್ತರವಾಗಿದ್ದು, ಕೆಳಗಿನ ಓಕೆ ಗುಂಡಿ ಪರದೆಯಿಂದಾಚೆ ಹೋಗುತ್ತದೆ. ಆಲ್ಟ್ ಒತ್ತಿ ಹಿಡಿದು ವಿಂಡೋದ ಯಾವ ಭಾಗವನ್ನಾದರೂ ಎಳೆದರೆ ಅದು ಮೇಲಕ್ಕೆ ಸರಿಯುತ್ತದೆ ಎಂದು ತೋರಿಸಿಕೊಟ್ಟೆ. ಅಪ್ಪ ಅದನ್ನು ಕೀಲಿಮಣೆಯ ಮೇಲಿನ ಪಟ್ಟಿಯಲ್ಲಿ ಒಂದು ಚೀಟಿಯಾಗಿ ಅಂಟಿಸಿಕೊಂಡಿದ್ದಾರೆ.

ಆರ್‌ಸಿ, ಆಟೋಸ್ಟಾರ್ಟ್, ಎನ್ವಿರಾನ್‌ಮೆಂಟ್ ಕಡತಗಳು, ಥೀಮಿನ ಕೋಶ, ಎಲ್‌ಎಕ್ಸ್‌ಪ್ಯಾನೆಲ್‌ನ ಹೊಂದಿಕೆ ಮತ್ತು ಆರಿಸುವ ಸ್ಕ್ರಿಪ್ಟ್ ಇಷ್ಟನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಅಪ್ಪನ ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಅವರ ಜೊತೆಗೆ ಕೆಲಸ ಮಾಡಿದ್ದ ಗಣಿತದ ಮೇಷ್ಟ್ರ ಮನೆಯಲ್ಲಿಯೂ ಇದೇ ಅಳತೆಯ ನೆಟ್‌ಬುಕ್ಕೊಂದು ಮೂಲೆ ಸೇರಿದೆಯಂತೆ. ಮುಂದಿನ ರಜೆಗೆ ಅದನ್ನು ಬಿಚ್ಚುವುದೆಂದು ತೀರ್ಮಾನವಾಗಿದೆ. ಅಲ್ಲಿ ನಾನು ಮೊದಲು ಮಾಡುವ ಕೆಲಸ, 'ಪ್ರಾರ್ಥನೆ' ಎಂಬ ಹೆಸರಿನ ಖಾಲಿ ಕಡತವೊಂದನ್ನು ತೆರೆದು ನೋಡುವುದು.